ದವಾಖಾನೆಯವರಿಗೂ ಒಂದು ಸಂಘ! ದೇವಿಕೊಪ್ಪದ ರೋಗಿಗೆ ಅದರಿಂದ ಏನು?

ಕಿರಾಣಿ ಅಂಗಡಿಯವರಿಗೆ ಸಂಘವಿದೆ. ಹೋಟೆಲ್ ಮಾಲೀಕರಿಗಿದೆ. ಎ.ಪಿ.ಎಂ.ಸಿ.ಯ ದಲಾಲರಿಗಿದೆ, ಅದೇ ಅಂಗಳದ ಹಮಾಲರಿಗೂ ಇದೆ. ಆಟೋದವರಂತೂ ಸ್ಟ್ಯಾಂಡಿಗೊಂದು ಸಂಘ ಕಟ್ಟಿ, ಹಳದಿ-ಕೆಂಪು ಬೋರ್ಡು ಬರೆಸಿ, ರಾಜ್ಯೋತ್ಸವದ ದಿನ ಭುವನೇಶ್ವರಿಗೆ ಹಾರ ಹಾಕುತ್ತಾರೆ. ಹೀಗಿರುವಾಗ ಖಾಸಗಿ ದವಾಖಾನೆ ಇಟ್ಟವರು ತಮಗೂ ಒಂದು ಸಂಘ ಬೇಕು ಅಂದರೆ ತಪ್ಪೇನು? ತಪ್ಪಿಲ್ಲ. ಆದರೆ ಕಿರಾಣಿ ಅಂಗಡಿ ಒಂದು ದಿನ ಬಂದ್ ಆದರೆ ಡಬ್ಬಿಯ ತಳದ ಬೇಳೆಯಲ್ಲಿ ಸಾರು ಮಾಡಿ ಉಣ್ಣಬಹುದು. ದವಾಖಾನೆ ಬಂದ್ ಆದರೆ ನಿನ್ನೆಯ ಗುಳಿಗೆಯಿಂದ ಇವತ್ತಿನ ಎದೆನೋವು ಹೋಗುವುದಿಲ್ಲ. ಈ ಸಂಘಕ್ಕೂ ಉಳಿದ ಸಂಘಗಳಿಗೂ ವ್ಯತ್ಯಾಸ ಇರುವುದೇ ಇಲ್ಲಿ.

ದೇವಿಕೊಪ್ಪದ ಲೆಕ್ಕ ಹಿಡಿಯೋಣ. ಕಲಘಟಗಿ ತಾಲ್ಲೂಕಿನ ಊರು. ಧಾರವಾಡ ಜಿಲ್ಲೆಯ ಬಯಲುಸೀಮೆ ಮುಗಿದು ಮಲೆನಾಡಿನ ತಂಪು ಗಾಳಿ ಹತ್ತುವ ಕಡೆ. ಸುತ್ತ ಅಡವಿ, ಭತ್ತದ ಗದ್ದೆ, ಗೋವಿನಜೋಳದ ಹೊಲ. ಇಲ್ಲಿಯ ಒಬ್ಬ ಮುದುಕಿಗೆ ರಾತ್ರಿ ಹತ್ತಕ್ಕೆ ಎದೆ ಹಿಡಿದುಕೊಂಡಿತು ಅಂತ ಇಟ್ಟುಕೊಳ್ಳಿ. ಮೊಮ್ಮಗ ಬಂದು, "ಆಯಿ, ಭಾಳ ನೋಯಾಕತ್ತೈತೇನು?" ಅಂತ ಕೇಳುತ್ತಾನೆ. ಮುದುಕಿ ಕೈಸನ್ನೆ ಮಾಡುತ್ತಾಳೆ. 108ಕ್ಕೆ ಫೋನು ಹೋಗುತ್ತದೆ. ಅದು ಬರುವುದು ತಡವಾದರೆ ಓಣಿಯವರ ಟಂಟಂ ಇದ್ದೇ ಇದೆ. ಮೊದಲು ಕಲಘಟಗಿ. ಅಲ್ಲಿ ತಾಲ್ಲೂಕಾ ಆಸ್ಪತ್ರೆಯವರು ನೋಡಿ, ಇದು ನಮ್ಮ ಕೈಯಲ್ಲಿ ಆಗುವುದಿಲ್ಲ ಅಂದರೆ ಮುಂದೆ ಸುಮಾರು 30 ಕಿಲೋಮೀಟರ್ ಹುಬ್ಬಳ್ಳಿ. ಹುಬ್ಬಳ್ಳಿಯಲ್ಲಿ ಎರಡು ದಾರಿ. ಒಂದು, 1957ರಿಂದ ಇರುವ, ಹಳಬರು ಕೆ.ಎಂ.ಸಿ. ಅಂತಲೂ ಹೊಸಬರು ಕಿಮ್ಸ್ ಅಂತಲೂ ಕರೆಯುವ ಸರ್ಕಾರಿ ದೊಡ್ಡಾಸ್ಪತ್ರೆ. ಇನ್ನೊಂದು, ಖಾಸಗಿ ದವಾಖಾನೆ.

ಖಾಸಗಿ ಕಡೆ ಹೋದರೆ ಕೌಂಟರಿನಲ್ಲಿ ಮೊದಲನೇ ಪ್ರಶ್ನೆ: "ಕಾರ್ಡ್ ಐತೇನ್ರಿ?"

"ಐತ್ರಿ, ಬಿ.ಪಿ.ಎಲ್. ಕಾರ್ಡ್."

"ಆ ಕಾರ್ಡ್ ನಮ್ಮಲ್ಲಿ ನಡಿಯೂದಿಲ್ರಿ ಯಜಮಾನ್ರ."

ಇಂಥ ಮಾತು ಕೇಳದ ಮನೆ ನಮ್ಮ ಕಡೆ ಕಡಿಮೆ. ಈ ಕಾರ್ಡು ಯಾಕೆ ಒಂದು ಕಡೆ ನಡೆಯುತ್ತದೆ, ಇನ್ನೊಂದು ಕಡೆ ಯಾಕೆ ನಡೆಯುವುದಿಲ್ಲ? ನಡೆದರೆ ಎಷ್ಟು ರೊಕ್ಕಕ್ಕೆ? ಆ ರೊಕ್ಕ ಸರ್ಕಾರದಿಂದ ದವಾಖಾನೆಗೆ ಯಾವಾಗ ಮುಟ್ಟುತ್ತದೆ? ಇವೆಲ್ಲ ತೀರ್ಮಾನವಾಗುವುದು ಆ ಕೌಂಟರಿನಲ್ಲಿ ಅಲ್ಲ. ಬೆಂಗಳೂರಿನಲ್ಲಿ, ಒಂದು ಮೇಜಿನ ಈ ಬದಿ ಸರ್ಕಾರದ ಅಧಿಕಾರಿಗಳು, ಆ ಬದಿ ಖಾಸಗಿ ಆಸ್ಪತ್ರೆಗಳ ಸಂಘದ ಪದಾಧಿಕಾರಿಗಳು ಕೂತಾಗ. ದೇವಿಕೊಪ್ಪದ ಮುದುಕಿ ಆ ಸಂಘದ ಹೆಸರು ಕೇಳಿರಲಿಕ್ಕಿಲ್ಲ. ಆಕೆಯ ಬಿಲ್ಲಿನಲ್ಲಿ ಮಾತ್ರ ಅದರ ಕೈ ಇದ್ದೇ ಇದೆ.

ಯಾವ ಸಂಘ, ಯಾರ ಸಂಘ?

ಜನ ಎಲ್ಲವನ್ನೂ ಕೂಡಿಸಿ ‘ಡಾಕ್ಟರರ ಸಂಘ’ ಅಂದುಬಿಡುತ್ತಾರೆ. ಹಾಗಲ್ಲ. ಐ.ಎಂ.ಎ., ಅಂದರೆ ಭಾರತೀಯ ವೈದ್ಯಕೀಯ ಸಂಘ, 1928ರಲ್ಲಿ ಕಲಕತ್ತೆಯಲ್ಲಿ ಹುಟ್ಟಿದ್ದು. ಇಂಗ್ಲಿಷ್ ಔಷಧದ ಡಾಕ್ಟರರು ವೈಯಕ್ತಿಕವಾಗಿ ಇದರ ಸದಸ್ಯರು. ಸರ್ಕಾರಿ ನೌಕರಿಯಲ್ಲಿ ಇರುವವರೂ ಆಗಬಹುದು, ಸ್ವಂತ ಕ್ಲಿನಿಕ್ ಇಟ್ಟವರೂ ಆಗಬಹುದು. ದೊಡ್ಡ ಊರುಗಳಲ್ಲೆಲ್ಲ ಇದರ ಶಾಖೆ ಇದೆ, ಹುಬ್ಬಳ್ಳಿಯಲ್ಲೂ ಇದೆ.

‘ಫನಾ’ ಅಂತ ಪತ್ರಿಕೆಯಲ್ಲಿ ಓದುತ್ತೀರಲ್ಲ, ಅದು ಬೇರೆ. ಖಾಸಗಿ ಆಸ್ಪತ್ರೆಗಳು ಮತ್ತು ನರ್ಸಿಂಗ್ ಹೋಮುಗಳ ಸಂಘ. ಇಲ್ಲಿ ಸದಸ್ಯತ್ವ ಡಾಕ್ಟರರದಲ್ಲ, ದವಾಖಾನೆಯದು. ಬೆಂಗಳೂರಿನಲ್ಲಿ ಇದರ ಬಲ. ಇದರ ಮೇಲೆ ಇಡೀ ದೇಶದ ಮಟ್ಟಕ್ಕೆ ‘ಆಹ್ಪಿ’ ಅನ್ನುವ ಇನ್ನೊಂದು ಕೂಟ ಇದೆ. ಆಯುರ್ವೇದದವರಿಗೆ, ಹೋಮಿಯೋಪತಿಯವರಿಗೆ, ಹಲ್ಲಿನ ಡಾಕ್ಟರರಿಗೆ ತಮ್ಮ ತಮ್ಮವೇ ಸಂಘಗಳು. ಒಟ್ಟಾರೆ ಹೇಳಬೇಕೆಂದರೆ ಅಂಗಡಿಕಾರರ ಸಂಘಕ್ಕೂ ವಾಣಿಜ್ಯೋದ್ಯಮ ಸಂಸ್ಥೆಗೂ ಇರುವಷ್ಟೇ ಅಂತರ ಇವುಗಳ ನಡುವೆಯೂ ಉಂಟು.

ವರ್ಗಣಿ ಕಟ್ಟಿದವನಿಗೆ ಏನು ಸಿಗುತ್ತದೆ? ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬನೇ ಹೋಗಿ ಕಚೇರಿಯ ಬಾಗಿಲಲ್ಲಿ ನಿಂತರೆ ಜವಾನ ಕೂಡ ಮಾತಾಡಿಸುವುದಿಲ್ಲ, ಸಂಘದ ಲೆಟರ್‌ಹೆಡ್ ಹಿಡಿದು ಹತ್ತು ಜನ ಹೋದರೆ ಸಾಹೇಬರು ಕುರ್ಚಿ ಹಾಕಿಸುತ್ತಾರೆ. ಒಂದು ಸಣ್ಣ ನರ್ಸಿಂಗ್ ಹೋಮಿನವನು ಈಗ ಎಷ್ಟು ಕಡೆ ಕೈಮುಗಿಯಬೇಕು ನೋಡಿ: ಕೆ.ಪಿ.ಎಂ.ಇ. ನೋಂದಣಿ ಬೇಕು, ಸೂಜಿ-ಬ್ಯಾಂಡೇಜಿನ ಕಸಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು, ಸ್ಕ್ಯಾನಿಂಗ್ ಮಷಿನ್ ಇಟ್ಟರೆ 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ನೋಂದಣಿ ಬೇಕು, ಎಕ್ಸ್‌ರೇ ಇದ್ದರೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸು ಬೇಕು, ಬೆಂಕಿ ಸುರಕ್ಷತೆಯ ಕಾಗದ ಬೇಕು. ದೊಡ್ಡ ಕಾರ್ಪೊರೇಟ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ಪಗಾರದ ಮ್ಯಾನೇಜರು ಇರುತ್ತಾನೆ. ತಾಲ್ಲೂಕಿನ ಹತ್ತು ಹಾಸಿಗೆಯ ದವಾಖಾನೆಯಲ್ಲಿ ಹಗಲು ಹೆರಿಗೆ ಮಾಡಿಸಿದ ಡಾಕ್ಟರೇ ರಾತ್ರಿ ಕೂತು ಫಾರಂ ತುಂಬಬೇಕು. ಸಂಘ ಇರುವುದು ಹೆಚ್ಚಾಗಿ ಇಂಥವನಿಗೆ ಬೇಕು. ಆದರೆ ಸಂಘದಲ್ಲಿ ದನಿ ಯಾರದು ದೊಡ್ಡದು? ಇದನ್ನು ಮುಂದೆ ನೋಡೋಣ.

1976ರಿಂದ 2017ರ ತನಕ

ನಮ್ಮ ರಾಜ್ಯದಲ್ಲಿ ಖಾಸಗಿ ನರ್ಸಿಂಗ್ ಹೋಮುಗಳಿಗೆ ಮೂಗುದಾರ ಹಾಕುವ ಮೊದಲ ಕಾಯ್ದೆ 1976ರದು. ಆಮೇಲೆ 2007ರಲ್ಲಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅದೇ ಕೆ.ಪಿ.ಎಂ.ಇ., ಬಂತು. 2009ರಲ್ಲಿ ಅದರ ನಿಯಮಗಳು ಬಂದವು. ದವಾಖಾನೆ, ಕ್ಲಿನಿಕ್, ರಕ್ತ ಪರೀಕ್ಷೆಯ ಲ್ಯಾಬು, ಯಾವುದೇ ಪದ್ಧತಿಯದಿರಲಿ, ನೋಂದಣಿ ಇಲ್ಲದೆ ನಡೆಸುವಂತಿಲ್ಲ. ಜಿಲ್ಲಾಧಿಕಾರಿಯೇ ನೋಂದಣಿ ಪ್ರಾಧಿಕಾರದ ಅಧ್ಯಕ್ಷ, ಜಿಲ್ಲಾ ಆರೋಗ್ಯಾಧಿಕಾರಿ ಅದರ ಸದಸ್ಯ ಕಾರ್ಯದರ್ಶಿ. ಅದೇ ಪ್ರಾಧಿಕಾರದಲ್ಲಿ ಐ.ಎಂ.ಎ.ಯ ಪ್ರತಿನಿಧಿಗೂ ಒಂದು ಕುರ್ಚಿ. ಗಮನಿಸಿ, ಸಂಘದ ಹೆಸರು ಕಾನೂನಿನ ಪುಸ್ತಕದಲ್ಲೇ ಬರೆದಾಗಿದೆ! ನಮ್ಮ ಬಜಾರದ ಎಷ್ಟು ಸಂಘಗಳಿಗೆ ಈ ಭಾಗ್ಯ ಉಂಟು?

ಆದರೂ ರೋಗಿಗಳ ಗೋಳು ತಪ್ಪಲಿಲ್ಲ. ಬಿಲ್ಲು ಕಟ್ಟುವ ತನಕ ಹೆಣ ಕೊಡುವುದಿಲ್ಲ ಅನ್ನುವುದು, ಅಡ್ವಾನ್ಸ್ ಇಟ್ಟ ಮೇಲೆಯೇ ಕೈ ಮುಟ್ಟುವುದು, ಒಂದೇ ಆಪರೇಷನ್ನಿಗೆ ಒಂದು ಬೀದಿಯಲ್ಲಿ ಒಂದು ದರ, ಇನ್ನೊಂದು ಬೀದಿಯಲ್ಲಿ ಇನ್ನೊಂದು ದರ... ದೂರುಗಳು ಹೆಚ್ಚಾದ ಮೇಲೆ ಸರ್ಕಾರ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಅವರ ಅಧ್ಯಕ್ಷತೆಯಲ್ಲಿ 2016ರಲ್ಲಿ ತಜ್ಞರ ಸಮಿತಿ ಮಾಡಿತು. 2017ರಲ್ಲಿ ವರದಿ ಬಂತು. ಆಗ ಮುಖ್ಯಮಂತ್ರಿ ಸಿದ್ದರಾಮಯ್ಯ, ಆರೋಗ್ಯ ಮಂತ್ರಿ ಕೆ.ಆರ್. ರಮೇಶ್ ಕುಮಾರ್. ಅದೇ ವರ್ಷ ಜೂನಿನಲ್ಲಿ ತಿದ್ದುಪಡಿ ಮಸೂದೆ ವಿಧಾನಸಭೆಗೆ ಬಂತು.

ಮಸೂದೆಯಲ್ಲಿ ಏನಿತ್ತು? ಚಿಕಿತ್ಸೆಯ ದರ ಸರ್ಕಾರವೇ ಗೊತ್ತು ಮಾಡುವುದು. ಗೊತ್ತು ಮಾಡಿದ್ದಕ್ಕಿಂತ ಹೆಚ್ಚು ತೆಗೆದುಕೊಂಡರೆ ಜೈಲು, ಲಕ್ಷಗಟ್ಟಲೆ ದಂಡ. ಜಿಲ್ಲೆಗೊಂದು ಕುಂದುಕೊರತೆ ಸಮಿತಿ. ರೋಗಿಗಳ ಹಕ್ಕಿನ ಸನ್ನದು. ಅಷ್ಟಾದದ್ದೇ ತಡ, ಬೆಂಕಿ ಹತ್ತಿತು. ನಮ್ಮನ್ನು ಕಳ್ಳರ ಸಾಲಿನಲ್ಲಿ ನಿಲ್ಲಿಸುತ್ತಿದ್ದಾರೆ ಅಂತ ಡಾಕ್ಟರರು ಎದ್ದು ನಿಂತರು. ಅವರ ವಾದದಲ್ಲಿ ಒಂದು ಮಾತಿಗೆ ಉತ್ತರ ಕೊಡುವುದು ಸರ್ಕಾರಕ್ಕೂ ಕಷ್ಟವಾಯಿತು: ಸರ್ಕಾರಿ ಆಸ್ಪತ್ರೆಗಳನ್ನೂ ಇದೇ ಕಾಯ್ದೆಗೆ ಸೇರಿಸಿ ಅಂತ ಸೇನ್ ಸಮಿತಿಯೇ ಹೇಳಿತ್ತು, ಮಸೂದೆಯಲ್ಲಿ ಮಾತ್ರ ಅದನ್ನು ಬಿಟ್ಟಿದ್ದರು. ಖಾಸಗಿಯವನ ತಕ್ಕಡಿ ಪರೀಕ್ಷಿಸುವ ಸರ್ಕಾರ ತನ್ನ ತಕ್ಕಡಿಯನ್ನು ಮುಚ್ಚಿಡುವುದು ಯಾವ ನ್ಯಾಯ? ಈ ಪ್ರಶ್ನೆ ಇವತ್ತಿಗೂ ಹಾಗೇ ಉಳಿದಿದೆ.

2017ರ ನವೆಂಬರ್ 3ರಂದು ರಾಜ್ಯದ ಖಾಸಗಿ ದವಾಖಾನೆಗಳಲ್ಲಿ ಹೊರರೋಗಿ ವಿಭಾಗ ಬಂದ್. ನವೆಂಬರ್ 13, ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಶುರುವಾಗುವ ದಿನ, ‘ಬೆಳಗಾವಿ ಚಲೋ’. ಬಿಳಿ ಕೋಟಿನ ಸಾವಿರಾರು ಜನ ಬೆಳಗಾವಿಯಲ್ಲಿ ಸೇರಿದರು. ಕಬ್ಬಿನ ರೈತರ ಧರಣಿ, ಗಡಿ ಹೋರಾಟದ ಘೋಷಣೆ ಕೇಳಿ ಅಭ್ಯಾಸವಾಗಿದ್ದ ಬೆಳಗಾವಿಯ ಪೊಲೀಸರಿಗೆ ಸ್ಟೆತಾಸ್ಕೋಪ್ ಹಾಕಿದವರ ಮೆರವಣಿಗೆ ಹೊಸದು. ಉಪವಾಸ ಕೂತರು. ಆಮೇಲೆ ಒಂದೊಂದೇ ದವಾಖಾನೆ ಬಾಗಿಲು ಎಳೆಯುತ್ತ ಹೋಯಿತು. 16ರ ಹೊತ್ತಿಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳೂ ಹೊರರೋಗಿಗಳಿಗೆ ಕೈ ಎತ್ತಿದವು. ತುರ್ತು ಸೇವೆ ಇದೆ ಅಂತ ಹೇಳಿಕೆ ಕೊಟ್ಟರು, ನಿಜ. ಆದರೆ ಹಳ್ಳಿಯಿಂದ ಬಂದವನಿಗೆ ತನ್ನ ಮಗುವಿನ ಜ್ವರ ತುರ್ತೋ ಅಲ್ಲವೋ ಅನ್ನುವುದು ಹೇಗೆ ಗೊತ್ತಾಗಬೇಕು? ಚಿಕಿತ್ಸೆ ಸಿಗದೆ ಸತ್ತರು ಅನ್ನುವ ಸುದ್ದಿಗಳು ಒಂದೊಂದು ಜಿಲ್ಲೆಯಿಂದ ಬರಹತ್ತಿದವು. ಸರ್ಕಾರಿ ಆಸ್ಪತ್ರೆಗಳ ವರಾಂಡದಲ್ಲಿ ಕಾಲಿಡಲು ಜಾಗವಿಲ್ಲ.

ವಿಷಯ ಹೈಕೋರ್ಟಿಗೂ ಹೋಯಿತು. ಮುಷ್ಕರ ಬಿಡಿ ಅಂತ ಕೋರ್ಟು ಹೇಳಿತು. 17ರಂದು ಬೆಳಗಾವಿಯಲ್ಲಿ ಮುಖ್ಯಮಂತ್ರಿ ಜೊತೆ ಮಾತುಕತೆ, ಮುಷ್ಕರ ವಾಪಸ್. ಮುಂದಿನ ವಾರ ಮಸೂದೆ ಪಾಸು. ಆದರೆ ಹೋದ ಮಸೂದೆಯೇ ಬೇರೆ, ಪಾಸಾದ ಮಸೂದೆಯೇ ಬೇರೆ! ಎಲ್ಲರಿಗೂ ಸರ್ಕಾರವೇ ದರ ಗೊತ್ತು ಮಾಡುವ ಮಾತು ಹೋಯಿತು, ಸರ್ಕಾರದ ಆರೋಗ್ಯ ಯೋಜನೆಗಳ ರೋಗಿಗಳಿಗೆ ಮಾತ್ರ ಅಂತ ಉಳಿಯಿತು. ದರ ಹೆಚ್ಚು ಪಡೆದವನಿಗೆ ಜೈಲು ಅನ್ನುವುದೂ ಹೋಯಿತು. ಪ್ರತ್ಯೇಕ ಕುಂದುಕೊರತೆ ಸಮಿತಿಯ ಬದಲು, ಜಿಲ್ಲಾಧಿಕಾರಿಯ ನೋಂದಣಿ ಪ್ರಾಧಿಕಾರಕ್ಕೇ ದೂರು ಕೇಳುವ ಕೆಲಸವನ್ನೂ ಹಚ್ಚಿದರು.

ರೋಗಿಗೆ ಏನೂ ಉಳಿಯಲಿಲ್ಲ ಅಂತಲ್ಲ. ತುರ್ತು ಸಂದರ್ಭದಲ್ಲಿ ಅಡ್ವಾನ್ಸ್ ಕೇಳಿ ಚಿಕಿತ್ಸೆ ತಡೆಯುವಂತಿಲ್ಲ. ಬಿಲ್ಲಿನ ಬಾಕಿಗಾಗಿ ಹೆಣ ಹಿಡಿದಿಡುವಂತಿಲ್ಲ. ದರಪಟ್ಟಿ ಕಾಣುವಂತೆ ಹಾಕಬೇಕು. ರೋಗಿಗಳ ಹಕ್ಕಿನ ಸನ್ನದು ಕಾಯ್ದೆಯಲ್ಲಿ ಬಂತು. ಇದರ ಹಿಂದೆಯೂ ಒಂದು ಸಂಘಟನೆಯ ದುಡಿಮೆ ಇದೆ ಅನ್ನುವುದನ್ನು ಮರೆಯಬಾರದು. ಕರ್ನಾಟಕ ಜನಾರೋಗ್ಯ ಚಳವಳಿಯಂಥವರು ರೋಗಿಗಳ ಪರ ನಿಂತು ಇದಕ್ಕಾಗಿ ಗಂಟಲು ಹರಿದುಕೊಂಡಿದ್ದರು. ಆದರೆ ಅವರ ಕೈಯಲ್ಲಿ ಬಂದ್ ಮಾಡಲು ಏನಿತ್ತು? ರೋಗಿಗಳು ಮುಷ್ಕರ ಹೂಡಿ ನಾಳೆಯಿಂದ ನಮಗೆ ಕಾಯಿಲೆಯೇ ಬೇಡ ಅನ್ನಲು ಆದೀತೇ?

ದೊಡ್ಡವರ ಜಗಳದಲ್ಲಿ ಸಣ್ಣವನ ಬಾಗಿಲು

ಇಲ್ಲೊಂದು ಸೂಕ್ಷ್ಮ ಇದೆ. ಅದನ್ನು ಆ ದಿನಗಳಲ್ಲಿ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಹೊರಗೆ ಮಾತ್ರೆ ಚೀಟಿ ಬರೆದುಕೊಟ್ಟು ನೂರು-ಇನ್ನೂರು ತೆಗೆದುಕೊಳ್ಳುವ ತಾಲ್ಲೂಕಿನ ಡಾಕ್ಟರಿಗೂ, ಹೃದಯದ ಆಪರೇಷನ್ನಿಗೆ ಲಕ್ಷಗಟ್ಟಲೆ ಬಿಲ್ ಮಾಡುವ ಆಸ್ಪತ್ರೆಗೂ ಏನು ಸಮ? ಸರ್ಕಾರದ ದರ ಬಂದಿದ್ದರೆ ನೋವು ಯಾರಿಗೆ ಹೆಚ್ಚು ಆಗುತ್ತಿತ್ತು? ಜೈಲು ಅನ್ನುವ ಮಾತಿಗೆ ಮಾತ್ರ ಹೆದರಿಕೆ ಹೆಚ್ಚು ಯಾರಿಗೆ? ವಕೀಲರ ದಂಡು ಇಟ್ಟುಕೊಂಡವರಿಗಲ್ಲ, ಹಳ್ಳಿಯ ಬಾಯಿಗೆ ಸಿಗುವ ಒಂಟಿ ಡಾಕ್ಟರಿಗೆ. ಹೀಗೆ ದೊಡ್ಡವರ ರೊಕ್ಕದ ಚಿಂತೆಯೂ ಸಣ್ಣವರ ಮಾನದ ಚಿಂತೆಯೂ ಒಂದೇ ಬ್ಯಾನರಿನ ಕೆಳಗೆ ನಡೆದವು. ಸಂಘದ ಶಕ್ತಿಯೂ ಅದೇ, ಸಂಘದ ಕಳ್ಳಗಿಂಡಿಯೂ ಅದೇ. ವ್ಯಾಪಾರಿಗಳಿಗೆ ಇದು ಗೊತ್ತಿದ್ದದ್ದೇ: ಸಗಟು ವ್ಯಾಪಾರಿ ಬಂದ್ ಕರೆ ಕೊಡುತ್ತಾನೆ, ಚಿಲ್ಲರೆಯವನು ಷಟರ್ ಎಳೆದು ಆ ದಿನದ ಗಿರಾಕಿ ಕಳೆದುಕೊಳ್ಳುತ್ತಾನೆ.

ಮುಷ್ಕರ ಮುಗಿದ ಮೇಲೂ ಬೇರೆ ಊರಿನ ದೊಡ್ಡಾಸ್ಪತ್ರೆ ಜನರ ಕಣ್ಣಿಗೆ ಬೀಳುವುದಿಲ್ಲ. ದಿನಾ ಎದುರಿಗೆ ಸಿಗುವವನು ಕಲಘಟಗಿಯ ಡಾಕ್ಟರು. "ಏನ್ರಿ ಡಾಕ್ಟರ್ ಸಾಹೇಬ್ರ, ಅವತ್ತ ಬಾಗ್ಲಾ ಹಾಕ್ಕೊಂಡಿದ್ರೆಲ್ಲ?" ಅಂತ ಕೇಳಿಸಿಕೊಳ್ಳಬೇಕಾದವನು ಆತ.

ಸಂಘದ ವಿರುದ್ಧವೇ ಎಲ್ಲ ಹೇಳಿದರೆ ನ್ಯಾಯವಾಗುವುದಿಲ್ಲ. ರೋಗಿ ಸತ್ತ ಸಿಟ್ಟಿನಲ್ಲಿ ಗಾಜು ಒಡೆಯುವುದು, ಡಾಕ್ಟರ ಮೇಲೆ ಕೈ ಮಾಡುವುದು ನಮ್ಮ ಕಡೆಯೂ ಇಲ್ಲದ್ದೇನಲ್ಲ. ಇದಕ್ಕೆ ತಡೆ ಬೇಕು ಅಂತ ಸಂಘಗಳು ಹೋರಾಡಿದ್ದರಿಂದ 2009ರಲ್ಲಿ ರಾಜ್ಯದಲ್ಲಿ ಪ್ರತ್ಯೇಕ ಕಾಯ್ದೆ ಬಂತು. ಮೂರು ವರ್ಷದ ತನಕ ಜೈಲು, 50 ಸಾವಿರದ ತನಕ ದಂಡ. 2024ರ ಆಗಸ್ಟಿನಲ್ಲಿ ಕಲಕತ್ತೆಯ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕಿರಿಯ ಡಾಕ್ಟರ್ ಒಬ್ಬಳ ಮೇಲೆ ಅತ್ಯಾಚಾರ, ಕೊಲೆ ನಡೆದಾಗ ಐ.ಎಂ.ಎ. 17ನೇ ತಾರೀಖಿನಿಂದ 24 ತಾಸು ದೇಶವ್ಯಾಪಿ ಸೇವೆ ನಿಲ್ಲಿಸಿತು. ಆ ಸಲ ಜನ ಗೊಣಗಲಿಲ್ಲ, ಬಹಳಷ್ಟು ಮಂದಿ ಮೇಣದ ಬತ್ತಿ ಹಿಡಿದು ಜೊತೆಗೆ ನಿಂತರು. ಬಂದ್ ಯಾವುದಕ್ಕೆ ಅನ್ನುವುದನ್ನು ಜನ ತೂಗಿ ನೋಡುತ್ತಾರೆ.

ಇನ್ನೊಂದು ನವೆಂಬರ್ 13ರ ಸಂಗತಿ. 1995ರ ಅದೇ ತಾರೀಖಿನಂದು ಸುಪ್ರೀಂ ಕೋರ್ಟು ಐ.ಎಂ.ಎ. ಮತ್ತು ವಿ.ಪಿ. ಶಾಂತಾ ನಡುವಿನ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತ್ತು. ನಾವು ಗ್ರಾಹಕ ಕಾಯ್ದೆಗೆ ಬರುವುದಿಲ್ಲ ಅನ್ನುವುದು ಸಂಘದ ವಾದ. ರೊಕ್ಕ ತಗೊಂಡು ಸೇವೆ ಕೊಡುವ ಡಾಕ್ಟರು ಬರುತ್ತಾನೆ ಅಂತ ಕೋರ್ಟು ಹೇಳಿತು. ಸಂಘ ಸೋತಿತು. ಹಾಳಾದ ಮಿಕ್ಸಿಯ ದೂರು ಕೇಳುವ ಗ್ರಾಹಕರ ವೇದಿಕೆಯೇ ತಪ್ಪು ಆಪರೇಷನ್ನಿನ ದೂರನ್ನೂ ಕೇಳುವುದು ಅಂದಿನಿಂದ ಗಟ್ಟಿಯಾಯಿತು. ಮೂವತ್ತು ವರ್ಷ ಕಳೆದಿದೆ, ಖಾಸಗಿ ದವಾಖಾನೆಗಳೇನೂ ಮುಚ್ಚಿ ಹೋಗಲಿಲ್ಲ.

ಕೊರೊನಾ ಕಾಲದ ಚೌಕಾಸಿ

ಮೇಜಿನ ಆಚೆ-ಈಚೆ ಕೂತು ದರ ಕಡಿಯುವುದು ಹೇಗಿರುತ್ತದೆ ಅನ್ನುವುದು ಬಹಿರಂಗವಾಗಿ ಕಂಡದ್ದು 2020ರಲ್ಲಿ. ಜೂನ್ ತಿಂಗಳಲ್ಲಿ ಸರ್ಕಾರ ಖಾಸಗಿ ಆಸ್ಪತ್ರೆಗಳ ಅರ್ಧದಷ್ಟು ಹಾಸಿಗೆಗಳನ್ನು ತಾನು ಕಳಿಸುವ ಕೊರೊನಾ ರೋಗಿಗಳಿಗೆ ಮೀಸಲಿಡಬೇಕು ಅಂತ ಆದೇಶ ಮಾಡಿತು. ದರ ಎಷ್ಟು? ಸಂಘದವರು ಒಂದು ಹೇಳಿದರು, ಸರ್ಕಾರ ಒಂದು ಹೇಳಿತು. ಕಡೆಗೆ ನಿಂತದ್ದು ಹೀಗೆ: ಸರ್ಕಾರ ಕಳಿಸಿದ ರೋಗಿಗೆ ಸಾಮಾನ್ಯ ವಾರ್ಡಿನಲ್ಲಿ ದಿನಕ್ಕೆ 5,200 ರೂಪಾಯಿ, ವೆಂಟಿಲೇಟರ್ ಸಹಿತ ಐ.ಸಿ.ಯು.ಗೆ 10,000. ತಾನೇ ನಡೆದು ಬಂದು ಕೈಯಿಂದ ರೊಕ್ಕ ಕೊಡುವವನಿಗೆ ವಾರ್ಡಿನಲ್ಲಿ 10,000, ವೆಂಟಿಲೇಟರ್ ಸಹಿತ ಐ.ಸಿ.ಯು.ಗೆ 25,000. ಅದೇ ಹಾಸಿಗೆ, ಅದೇ ನರ್ಸು, ಅದೇ ಗಾಳಿ! ಸರ್ಕಾರ ಉದ್ರಿ ಗಿರಾಕಿ, ನೀವು ರೋಖ ಗಿರಾಕಿ. ನಮ್ಮ ಅಂಗಡಿಗಳಲ್ಲಿ ರೋಖ ಕೊಟ್ಟವನಿಗೆ ಸ್ವಲ್ಪ ಬಿಡುತ್ತಾರೆ, ಇಲ್ಲಿ ತಿರುಗಾಮುರುಗಾ.

ಉದ್ರಿ ಅಂದೆ. ಅದು ಬರೀ ತಮಾಷೆಯ ಮಾತಲ್ಲ. ಸರ್ಕಾರ ಬಾಕಿ ಕೊಡುವುದಿಲ್ಲ ಅನ್ನುವುದು ಖಾಸಗಿ ಆಸ್ಪತ್ರೆಗಳ ಸಂಘದ ಹಳೆಯ ಗೋಳು, ಕೊರೊನಾ ಬಿಲ್ಲುಗಳ ವಿಷಯದಲ್ಲೂ ಅದೇ ಗೋಳು. ಈ ಮಾತಿನಲ್ಲಿ ನನ್ನ ಮನಸ್ಸು ಅರ್ಧ ಅವರ ಕಡೆಗೇ ವಾಲುತ್ತದೆ. ಪಂಚಾಯಿತಿಗೆ ಸಿಮೆಂಟು, ಪೈಪು, ಬಲ್ಬು ಸಪ್ಲೈ ಮಾಡಿ ಬಿಲ್ಲಿಗಾಗಿ ಚಪ್ಪಲಿ ಸವೆಸಿದ ಅಂಗಡಿಕಾರರು ಈ ಪತ್ರಿಕೆಯ ಓದುಗರಲ್ಲೇ ಎಷ್ಟೋ ಮಂದಿ ಇದ್ದಾರೆ.

ಕಾರ್ಡಿನ ಕಥೆ

ಈಗ ಆ ಮುದುಕಿಯ ಬಿ.ಪಿ.ಎಲ್. ಕಾರ್ಡಿಗೆ ಬರೋಣ. 2018ರಲ್ಲಿ ಆರೋಗ್ಯ ಕರ್ನಾಟಕ ಬಂತು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಅದನ್ನು ಕೂಡಿಸಿದರು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ಎ.ಪಿ.ಎಲ್. ಆದರೆ ಖರ್ಚಿನ ಶೇಕಡಾ 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಆಗುವ ಚಿಕಿತ್ಸೆಗೆ ಖಾಸಗಿಗೆ ಸೀದಾ ಹೋಗುವಂತಿಲ್ಲ, ಸರ್ಕಾರಿ ಡಾಕ್ಟರ ರೆಫರಲ್ ಚೀಟಿ ಬೇಕು. ಜೀವಕ್ಕೆ ಅಪಾಯ ಇರುವ ತುರ್ತಿನ ಪಟ್ಟಿಗೆ ಮಾತ್ರ ಇದರಿಂದ ವಿನಾಯಿತಿ. ಮತ್ತು ಖಾಸಗಿ ದವಾಖಾನೆ ಈ ಯೋಜನೆಗೆ ಸೇರಲೇಬೇಕು ಅಂತ ಇಲ್ಲ. ಸೇರಿದವರಲ್ಲಿ ನಡೆಯುತ್ತದೆ, ಸೇರದವರಲ್ಲಿ ಇಲ್ಲ. ದರ ಸಾಲದು, ರೊಕ್ಕ ತಡ ಅನ್ನುವವರು ಹೊರಗೇ ಉಳಿಯುತ್ತಾರೆ. ಕೌಂಟರಿನ ಆ ‘ನಡಿಯೂದಿಲ್ರಿ’ ಅನ್ನುವ ಮಾತಿನ ಬೇರು ಇಲ್ಲಿದೆ.

ಇದಕ್ಕಿಂತ ಮೊದಲೇ ಒಂದು ಬೇರೆ ಪ್ರಯೋಗ ನಮ್ಮ ರಾಜ್ಯದಲ್ಲೇ ಆಗಿತ್ತು, ಅದರ ನೆನಪು ಹಳ್ಳಿಗಳಲ್ಲಿ ಇನ್ನೂ ಇದೆ. ಯಶಸ್ವಿನಿ. ಹೃದಯದ ಡಾಕ್ಟರ್ ದೇವಿ ಶೆಟ್ಟಿಯವರ ಕಲ್ಪನೆ, 2003ರಲ್ಲಿ ಜಾರಿಗೆ ಬಂತು. ಸಹಕಾರಿ ಸಂಘದ ರೈತ ಸದಸ್ಯ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಆಪರೇಷನ್ ಬಿಟ್ಟಿ. ಇಲ್ಲಿಯ ವಿಶೇಷ ಏನೆಂದರೆ, ರೋಗಿಯ ಕಡೆಯಿಂದಲೂ ಒಂದು ಸಂಘ ಇತ್ತು! ಊರಿನ ಸೊಸೈಟಿ ವರ್ಗಣಿ ಕೂಡಿಸಿತು, ಲಕ್ಷಗಟ್ಟಲೆ ಸದಸ್ಯರ ಪರವಾಗಿ ಖಾಸಗಿ ಆಸ್ಪತ್ರೆಗಳ ಜೊತೆ ದರ ಗೊತ್ತಾಯಿತು. ಒಬ್ಬೊಬ್ಬರೇ ಹೋದರೆ ಲಕ್ಷ, ಕೂಡಿ ಹೋದರೆ ಸಾವಿರ. ದೇಶದ ಮೊದಲ ಕೃಷಿ ಸಹಕಾರಿ ಸಂಘ 1905ರಲ್ಲಿ ಹುಟ್ಟಿದ ಕಣಗಿನಹಾಳ ನಮ್ಮ ಹಳೇ ಧಾರವಾಡ ಜಿಲ್ಲೆಯದೇ, 1997ರಲ್ಲಿ ಗದಗ ಬೇರೆ ಜಿಲ್ಲೆಯಾಗುವ ತನಕ. ಸೊಸೈಟಿ ಅನ್ನುವುದು ನಮ್ಮ ಮಂದಿಗೆ ಹೊಸದಲ್ಲ.

2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದಲ್ಲಿ ಕರಗಿಸಿದರು. ರೈತರು ಬಿಡಲಿಲ್ಲ. 2022ರ ಕೊನೆಗೆ ಮತ್ತೆ ನೋಂದಣಿ ಶುರುವಾಗಿ 2023ರ ಜನವರಿಯಿಂದ ಚಿಕಿತ್ಸೆ ನಡೆಯಿತು. ಹೊಸ ಯಶಸ್ವಿನಿಯಲ್ಲಿ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಅಂತ ಇಟ್ಟರು. ಆಗಲೂ ಅದೇ ರಾಗ: ಈ ದರಕ್ಕೆ ನಮಗೆ ಪೂರೈಸುವುದಿಲ್ಲ ಅಂತ ಆಸ್ಪತ್ರೆಗಳು. ಅವರ ಖರ್ಚು ಏರಿದೆ ಅನ್ನುವುದು ಸುಳ್ಳಲ್ಲ. ಆದರೆ ಖರ್ಚಿನ ಲೆಕ್ಕದ ಪುಸ್ತಕ ತೆರೆದು ತೋರಿಸಿ ಅಂದರೆ ಸಂಘದ ಸಭೆಗಳಲ್ಲಿ ಉತ್ಸಾಹ ಕಾಣುವುದಿಲ್ಲ.

ಸಂಘ ಅಂದರೆ ಬರೀ ಬಂದ್, ಬರೀ ದರ ಅಂತಲೂ ಅಲ್ಲ. ಪಕ್ಕದ ಕೇರಳದಲ್ಲಿ ಐ.ಎಂ.ಎ.ಯವರು ‘ಇಮೇಜ್’ ಅನ್ನುವ ಹೆಸರಿನಲ್ಲಿ ಪಾಲಕ್ಕಾಡು ಜಿಲ್ಲೆಯಲ್ಲಿ ದವಾಖಾನೆ ಕಸದ ಘಟಕ ಕಟ್ಟಿ, ರಾಜ್ಯದ ಆಸ್ಪತ್ರೆಗಳ ಸೂಜಿ, ಹತ್ತಿ, ಬಾಟಲಿಗಳನ್ನು ತಾವೇ ಒಯ್ದು ಸುಡುವ, ಶುದ್ಧ ಮಾಡುವ ವ್ಯವಸ್ಥೆ ಮಾಡಿದ್ದಾರೆ. ಸಣ್ಣ ಕ್ಲಿನಿಕ್ಕಿನವನಿಗೂ ಅನುಕೂಲ, ಊರಿಗೂ ಅನುಕೂಲ. ಇಂಥದ್ದನ್ನು ಕೇಳಿದರೆ ವರ್ಗಣಿ ಕೊಟ್ಟದ್ದು ಸಾರ್ಥಕ ಅನ್ನಿಸುತ್ತದೆ.

ಬಾಗಿಲಿಗೆ ಬರುವ ಆಶಾ

ಒಂದು ಮಾತು ಬಿಟ್ಟರೆ ತಪ್ಪಾಗುತ್ತದೆ. ದೇವಿಕೊಪ್ಪದಂಥ ಊರಿನಲ್ಲಿ ಮನೆ ಬಾಗಿಲಿಗೆ ಬರುವವಳು ಡಾಕ್ಟರಲ್ಲ, ಆಶಾ ಕಾರ್ಯಕರ್ತೆ. ಬಸುರಿಯ ಚೀಟಿ, ಕೂಸಿನ ಲಸಿಕೆ, ಕ್ಷಯದ ಗುಳಿಗೆ ಎಲ್ಲ ಅವಳದೇ. ಸರ್ಕಾರದ ಕಾಗದದಲ್ಲಿ ಅವಳು ನೌಕರಳೂ ಅಲ್ಲ, ‘ಸ್ವಯಂಸೇವಕಿ’. ಅವರೂ ಸಂಘ ಕಟ್ಟಿದರು. 2025ರ ಜನವರಿ 7ರಿಂದ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಚಳಿಯಲ್ಲಿ ಕೂತರು. ನಾಲ್ಕನೇ ದಿನ, ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುತ್ತೇವೆ ಅಂತ ಮುಖ್ಯಮಂತ್ರಿ ಭರವಸೆ ಕೊಟ್ಟ ಮೇಲೆ ಎದ್ದರು. ಕೊರೊನಾ ದರಪಟ್ಟಿ ಮತ್ತೊಮ್ಮೆ ನೋಡಿ. ಒಂದು ವಾರ್ಡಿನ ಒಂದು ದಿನದ ರೋಖ ದರ ಎಷ್ಟಿತ್ತೋ, ಇವರಿಗೆ ಇಡೀ ತಿಂಗಳಿಗೆ ಸಿಕ್ಕ ಕನಿಷ್ಠ ಭರವಸೆ ಅಷ್ಟೇ. ಅವರ ಸಂಘಕ್ಕೆ ಹೋಟೆಲಿನಲ್ಲಿ ಮಹಾಸಭೆ ಇಲ್ಲ, ಬಸ್ಸಿನಲ್ಲಿ ಶಕ್ತಿ ಯೋಜನೆಯ ಬಿಟ್ಟಿ ಟಿಕೆಟ್ ಇದೆ.

ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರನ್ನು ನೋಡಿಕೊಳ್ಳಲು ಹುಬ್ಬಳ್ಳಿ-ಧಾರವಾಡದಲ್ಲಿ ದಿನಗೂಲಿ ಮೇಲೆ ಹೋಗುವ ಹೆಣ್ಣುಮಕ್ಕಳೂ ಇದ್ದಾರೆ. ಅವರ ದರ ಯಾರು ಗೊತ್ತು ಮಾಡುತ್ತಾರೆ, ಅವರ ಪರ ಯಾರು ಮಾತಾಡುತ್ತಾರೆ ಅನ್ನುವುದು ಇನ್ನೊಂದು ದಿನದ ಬರಹ.

ನೀವು ನೋಡಬೇಕಾದದ್ದು

ಇಷ್ಟು ಓದಿದವರು ‘ಹಂಗಾದ್ರ ನಾವೇನ್ ಮಾಡೋದ್ರಿ?’ ಅಂತ ಕೇಳದೆ ಬಿಡುವುದಿಲ್ಲ. ಕಾಯ್ದೆಯಲ್ಲಿ ಉಳಿದುಕೊಂಡದ್ದನ್ನಾದರೂ ಬಳಸಿ. ದವಾಖಾನೆಗೆ ಹೋದಾಗ ಮೊದಲು ಗೋಡೆ ನೋಡಿ. ಕೆ.ಪಿ.ಎಂ.ಇ. ನೋಂದಣಿ ಪತ್ರ ಇರಬೇಕು, ದರಪಟ್ಟಿ ಇರಬೇಕು. ಬೋರ್ಡಿನ ಮೇಲೆ ನೋಂದಣಿ ಸಂಖ್ಯೆ, ಡಾಕ್ಟರ ಹೆಸರು ಬರೆದಿರಬೇಕು ಅಂತ 2024ರಲ್ಲಿ ಆರೋಗ್ಯ ಇಲಾಖೆ ಸೂಚನೆ ಕೊಟ್ಟಿದೆ. ಇಂಗ್ಲಿಷ್ ಔಷಧದವರದು ನೀಲಿ ಬೋರ್ಡು, ಆಯುರ್ವೇದದವರದು ಹಸಿರು ಬೋರ್ಡು. ಎರಡೂ ಇಲ್ಲದೆ ಒಳಗೆ ಕೂತು ಬಂದವರಿಗೆಲ್ಲ ಸಲೈನ್ ಹಚ್ಚುವವನು ಯಾವ ಸಂಘದ ಸದಸ್ಯನೂ ಅಲ್ಲ, ಅಂಥವನಿಗೆ ಕಾಯ್ದೆಯಲ್ಲಿ ಜೈಲು ಈಗಲೂ ಉಂಟು.

ತುರ್ತಿನಲ್ಲಿ ಅಡ್ವಾನ್ಸ್ ಇಲ್ಲ ಅಂತ ಹೊರಗೆ ನಿಲ್ಲಿಸಿದರೆ, ಹೆಣ ತಡೆದರೆ, ಗೋಡೆಯ ದರಕ್ಕೂ ಬಿಲ್ಲಿನ ದರಕ್ಕೂ ತಾಳೆ ಆಗದಿದ್ದರೆ ದೂರು ಕೊಡಬೇಕಾದ್ದು ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ. ನಮಗೆ ಅದು ಧಾರವಾಡದಲ್ಲಿ, ಜಿಲ್ಲಾಧಿಕಾರಿಯವರೇ ಅಧ್ಯಕ್ಷರು. ಕನ್ನಡದಲ್ಲಿ ಒಂದು ಹಾಳೆ ಬರೆದರೆ ಸಾಕು. ಯಾವ ದಿನ, ಎಷ್ಟು ಗಂಟೆಗೆ, ಯಾರು ಏನು ಅಂದರು ಅಂತ ಸೀದಾ ಬರೆಯಿರಿ. ಬಿಲ್ಲು, ರೆಫರಲ್ ಚೀಟಿ, ಡಿಸ್ಚಾರ್ಜ್ ಕಾಗದದ ಝೆರಾಕ್ಸ್ ಲಗತ್ತಿಸಿ, ಅಸಲು ಪ್ರತಿ ಮನೆಯಲ್ಲೇ ಇಟ್ಟುಕೊಳ್ಳಿ. ಕೊಟ್ಟ ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಟಪಾಲು ವಿಭಾಗದ ಸಿಕ್ಕೆ ಹಾಕಿಸಿಕೊಂಡೇ ಬಸ್ ಹತ್ತಿರಿ.